ಕೊಡಗಿನಿಂದ ವಿದೇಶಕ್ಕೆ: ಮನೆಪೆಸರು, ಕಾಫಿ ಹಣ, ಜಮ್ಮಾ ಜಾಗ ಇಟ್ಟುಕೊಂಡು ವೀಸಾ ಪಡೆಯುವ ಸಮಗ್ರ ಮಾರ್ಗದರ್ಶಿ

ವಿದೇಶಕ್ಕೆ ಹೊರಡಬೇಕೆಂದವರು ಮೊದಲು ಕೇಳುವುದು "ಒಳ್ಳೇ ಏಜೆಂಟ್ ಯಾರಿದ್ದಾರೆ?" ಎಂದು. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರಗಳಲ್ಲಿ ಅದಕ್ಕೆ ಉತ್ತರ ಕೊಡುವ ಫ್ಲೆಕ್ಸ್‌ಗಳಿಗೆ ಬರವಿಲ್ಲ. ಆದರೆ ನಮ್ಮ ಕಡೆಯ ಅರ್ಜಿಗಳು ಕೆಡುವುದು ಬಹುಮಟ್ಟಿಗೆ ಮನೆಯ ಬೀರುವಿನಲ್ಲಿರುವ ಕಾಗದಗಳಿಂದ. ಮನೆಪೆಸರು, ಅಂದರೆ ಕೊಡವ ಮನೆತನದ ಹೆಸರು, ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರುತ್ತದೆ. ತೋಟ ಪಟ್ಟೇದಾರರ, ಅಂದರೆ ಮನೆತನದ ಯಜಮಾನರ, ಹೆಸರಲ್ಲಿರುತ್ತದೆ. ಹಣ ಕಾಫಿ ಮಾರಿದಾಗ ಒಟ್ಟಿಗೆ ಬರುತ್ತದೆ, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿಯೇ ಇರುವುದಿಲ್ಲ. ತಿಂಗಳ ಸಂಬಳದವರಿಗಾಗಿ ತಯಾರಿಸಿದ ದಾಖಲೆ ಪಟ್ಟಿ ಇಂಥ ಮನೆಗೆ ಸರಿಹೊಂದುವುದಿಲ್ಲ.

ಆದ್ದರಿಂದ ಇಲ್ಲಿ ಏಜೆಂಟರ ಸರದಿ ಬರುವುದು ಆರನೇ ಹಂತದಲ್ಲಿ. ಹೊರಡುವ ದಿನಕ್ಕೆ ಎಂಟು ತಿಂಗಳು ಮುಂಚೆ ಕೆಲಸ ಶುರುಮಾಡಿದರೆ ಧಾವಂತವಿರುವುದಿಲ್ಲ. ಇಲ್ಲಿ ಕೊಟ್ಟಿರುವ ಶುಲ್ಕ, ಮೊತ್ತಗಳು 2025ರ ಕೊನೆಯ ಹೊತ್ತಿನವು. ಅರ್ಜಿ ಹಾಕುವ ದಿನ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಹಂತ 1: ದೇಶಕ್ಕಿಂತ ಮೊದಲು ವೀಸಾ ಯಾವುದೆಂದು ತೀರ್ಮಾನಿಸಿ

"ಮಗಳನ್ನು ಕೆನಡಾಕ್ಕೆ ಕಳಿಸಬೇಕು" ಎಂದುಕೊಂಡರೆ ಸಾಲದು. ಓದಲೋ, ಕೆಲಸಕ್ಕೋ, ಗಂಡನ ಜೊತೆಗಿರಲೋ, ನೇರವಾಗಿ ಖಾಯಂ ವಾಸಕ್ಕೋ ಎಂಬುದರ ಮೇಲೆ ದಾಖಲೆ, ಖರ್ಚು, ಕಾಯುವ ಅವಧಿ ಎಲ್ಲವೂ ಬೇರೆಯಾಗುತ್ತದೆ. ಕಳೆದ ಎರಡು ವರ್ಷಗಳಲ್ಲಿ ನಿಯಮಗಳು ಎಷ್ಟು ಬದಲಾಗಿವೆಯೆಂದರೆ, 2022ರಲ್ಲಿ ಹೋದ ಸೋದರಸಂಬಂಧಿಯ ಅನುಭವ ಈಗ ಉಪಯೋಗಕ್ಕೆ ಬರುವುದಿಲ್ಲ.

ಕೆನಡಾ ನೋಡಿ. ವಿದ್ಯಾರ್ಥಿಗಳಿಗಿದ್ದ ಎಸ್‌ಡಿಎಸ್ ಎಂಬ ತ್ವರಿತ ದಾರಿ 2024ರ ನವೆಂಬರ್ 8ಕ್ಕೆ ಮುಚ್ಚಿತು. ಮೊದಲ ವರ್ಷದ ಬೋಧನಾ ಶುಲ್ಕ ಬಿಟ್ಟು ಜೀವನ ವೆಚ್ಚಕ್ಕೇ ಒಬ್ಬರಿಗೆ 22,895 ಕೆನಡಿಯನ್ ಡಾಲರ್ ತೋರಿಸಬೇಕೆಂದು 2025ರ ಸೆಪ್ಟೆಂಬರ್ 1ರಿಂದ ನಿಯಮವಾಗಿದೆ. ಖಾಯಂ ವಾಸದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಉದ್ಯೋಗದ ಆಫರ್‌ಗೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್‌ನಲ್ಲಿ ತೆಗೆದರು. "ಆಫರ್ ಲೆಟರ್ ಕೊಡಿಸುತ್ತೇನೆ, 50 ಪಾಯಿಂಟ್ ಗ್ಯಾರಂಟಿ" ಎನ್ನುವವರ ವ್ಯಾಪಾರ ಅಲ್ಲಿಗೆ ಮುಗಿಯಬೇಕಿತ್ತು. ಇನ್ನೂ ಮುಗಿದಿಲ್ಲ.

ಬ್ರಿಟನ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವುದು 2025ರ ಜುಲೈ 22ರಿಂದ ನಿಂತಿದೆ. ಅದೇ ದಿನದಿಂದ ಸ್ಕಿಲ್ಡ್ ವರ್ಕರ್ ವೀಸಾಗೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ಕೇರಳದ ಗಡಿ ದಾಟಿ ಈಗಲೂ "ಕೇರ್ ವೀಸಾ" ಮಾರಲು ಬರುವವರಿಗೆ ಗೇಟಿನಲ್ಲೇ ನಮಸ್ಕಾರ ಹೇಳಿ.

ನರ್ಸಿಂಗ್ ಓದಿದವರಿಗೆ ಜರ್ಮನಿ ಒಳ್ಳೆಯ ದಾರಿ. ಆದರೆ ಜರ್ಮನ್ ಭಾಷೆಯಲ್ಲಿ ಬಿ1 ಅಥವಾ ಬಿ2 ಮಟ್ಟ ಮುಟ್ಟಲೇಬೇಕು, ಅದಕ್ಕೆ ವರ್ಷವಾದರೂ ಬೇಕು. ಅಲ್ಲಿ ಓದುವವರು ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ಜೊತೆಗೆ ಅಂಕಪಟ್ಟಿಗಳು ಅಸಲಿಯೆಂದು ಹೇಳುವ ಎಪಿಎಸ್ ಪ್ರಮಾಣಪತ್ರ ಬೇಕು. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕವೇ 2,000 ಆಸ್ಟ್ರೇಲಿಯನ್ ಡಾಲರ್. ವೀಸಾ ಸಿಗದಿದ್ದರೆ ಅದು ವಾಪಸ್ ಬರುವುದಿಲ್ಲ.

ಹಂತ 2: ಹೆಸರು ಒಂದೇ ಥರ ಇರಲಿ

ಸಮಯ ಹೆಚ್ಚು ಬೇಕಾಗುವುದು ಇಲ್ಲಿ. ನಮ್ಮ ಹೆಸರಿನ ಕ್ರಮ ಎಲ್ಲರಿಗೂ ಗೊತ್ತು: ಮೊದಲು ಮನೆಪೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಕೋದಂಡೇರ ಮಾದಪ್ಪ ಕಾರ್ಯಪ್ಪ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಫೀಲ್ಡ್ ಮಾರ್ಷಲರು ನಿವೃತ್ತಿಯ ನಂತರ 1953ರಿಂದ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. ಅವರನ್ನು "ನಿಮ್ಮ ಸರ್‌ನೇಮ್ ಯಾವುದು?" ಎಂದು ಯಾರೂ ಕೇಳಿರಲಾರರು.

ಇದೇ ಹೆಸರಿನ ಹುಡುಗನೊಬ್ಬ ಇವತ್ತು ಅರ್ಜಿ ಹಾಕುತ್ತಾನೆ ಎಂದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಕಾರ್ಯಪ್ಪ ಕೆ ಎಂ". ಆಧಾರ್‌ನಲ್ಲಿ "ಕೋದಂಡೇರ ಎಂ ಕಾರ್ಯಪ್ಪ". ಬ್ಯಾಂಕಿನಲ್ಲಿ "ಕೆ.ಎಂ. ಕಾರ್ಯಪ್ಪ". ಪಾನ್ ಕಾರ್ಡಿನಲ್ಲಿ ಯಾರೋ ಸೈಬರ್‌ನವರು ಮಾದಪ್ಪನನ್ನು ಸರ್‌ನೇಮ್ ಜಾಗಕ್ಕೆ ಹಾಕಿದ್ದಾರೆ. ಇಂಗ್ಲಿಷ್ ಅಕ್ಷರದಲ್ಲಿ ಮನೆಪೆಸರು ಬರೆಯುವಾಗ ಒಬ್ಬರು "ಎ" ಹಾಕಿದರೆ ಇನ್ನೊಬ್ಬರು "ಇ" ಹಾಕಿರುತ್ತಾರೆ. ಊರಿನಲ್ಲಿ ಎಲ್ಲರಿಗೂ ಅವನು ಒಬ್ಬನೇ. ಕಡತ ನೋಡುವ ವೀಸಾ ಅಧಿಕಾರಿಗೆ ನಾಲ್ವರು.

ಸರಿಪಡಿಸುವ ಕ್ರಮ ಹೀಗಿರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ತಿದ್ದಿಸುವುದೇ ಎಲ್ಲಕ್ಕಿಂತ ಕಷ್ಟ, ಹಾಗಾಗಿ ಅದನ್ನೇ ಆಧಾರವಾಗಿಟ್ಟುಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗಕ್ಕೆ ಮನೆಪೆಸರು, ಗಿವನ್ ನೇಮ್ ಜಾಗಕ್ಕೆ ಉಳಿದದ್ದು, ಇದು ಹೆಚ್ಚಿನವರಿಗೆ ಹೊಂದುವ ವಿಧಾನ. ಆಮೇಲೆ ಆಧಾರ್, ಪಾನ್, ಬ್ಯಾಂಕ್ ಖಾತೆಗಳನ್ನು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ತಿದ್ದಿಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಉಳಿದರೆ ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಸರ್‌ನೇಮ್ ಖಾಲಿ ಬಿಡುವ ಅಭ್ಯಾಸ ನಮ್ಮ ಹಿರಿಯರಲ್ಲಿ ಬಹಳ. ಅದರ ಬಿಸಿ ತಟ್ಟಿದ್ದು 2022ರ ನವೆಂಬರ್ 21ರ ನಂತರ: ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಯುಎಇ ವಿಸಿಟ್ ವೀಸಾ ನಿರಾಕರಿಸತೊಡಗಿತು. ಗಿವನ್ ನೇಮ್ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಆ ಜಾಗಕ್ಕೆ "ಎಫ್‌ಎನ್‌ಯು" ಎಂದು ಅಚ್ಚಾಗುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಆಮೇಲೆ ಅಲ್ಲಿನ ಡ್ರೈವಿಂಗ್ ಲೈಸೆನ್ಸ್‌ನಲ್ಲೂ ಅದೇ ಹೆಸರು.

ಮದುವೆಯಾದ ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕು. ಗಂಡನ ಮನೆಪೆಸರನ್ನು ಊರಿನವರು ಕೂಡಲೇ ಬಳಸತೊಡಗುತ್ತಾರೆ, ದಾಖಲೆಗಳಲ್ಲಿ ಅರ್ಧ ಹಳೆಯದು ಅರ್ಧ ಹೊಸದು. ವೀಸಾ ಅರ್ಜಿ ಎದುರಿಗಿದ್ದರೆ ನನ್ನ ಸಲಹೆ: ಬದಲಿಸಲೇಬೇಡಿ, ತವರಿನ ಹೆಸರಿನಲ್ಲೇ ಹೋಗಿ. ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರನ್ನು ಬೇರೆ ಕಾಲಂನಲ್ಲಿ ಸೇರಿಸಬಹುದು. ಆದರೆ ಮದುವೆ ನೋಂದಣಿ ಮಾತ್ರ ಆಗಲೇಬೇಕು. ಸಾವಿರ ಜನ ಉಂಡು ಹೋದ ಮಂಗಲವಾದರೂ ಸಂಗಾತಿ ವೀಸಾಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪ್ರಮಾಣಪತ್ರವೇ ಬೇಕು. ಫೋಟೋ ಆಲ್ಬಂ ಪೂರಕ ಸಾಕ್ಷಿ, ಅಷ್ಟೇ.

ಊರಿನ ಹೆಸರಿನಲ್ಲೂ ಗೊಂದಲವಿದೆ. ಅಜ್ಜನ ಕಾಲದ ಕಾಗದದಲ್ಲಿ ಮರ್ಕೆರಾ, ಕೂರ್ಗ್; ಈಗಿನದರಲ್ಲಿ ಮಡಿಕೇರಿ, ಕೊಡಗು. ಪೊನ್ನಂಪೇಟೆ ಮತ್ತು ಕುಶಾಲನಗರ ಹೊಸ ತಾಲ್ಲೂಕುಗಳಾದ ಮೇಲೆ ಆಧಾರ್‌ನಲ್ಲಿ ವಿರಾಜಪೇಟೆ ತಾಲ್ಲೂಕು, ಪಹಣಿಯಲ್ಲಿ ಪೊನ್ನಂಪೇಟೆ ತಾಲ್ಲೂಕು ಎಂದಿರುವುದು ಸಾಮಾನ್ಯ. ಇದಕ್ಕೆ ಹೆದರಬೇಕಿಲ್ಲ, ಮುಖಪತ್ರದಲ್ಲಿ ಒಂದು ಸಾಲಿನ ವಿವರಣೆ ಸಾಕು.

ಹಂತ 3: ಪಾಸ್‌ಪೋರ್ಟ್ ಮತ್ತು ಪೊಲೀಸ್ ಪ್ರಮಾಣಪತ್ರ

36 ಪುಟದ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, ತತ್ಕಾಲ್‌ಗೆ ಇನ್ನೂ 2,000. ನಮಗೆ ಅನುಕೂಲವಾದ ಕೇಂದ್ರಗಳು ಮೈಸೂರು ಮತ್ತು ಮಂಗಳೂರಿನಲ್ಲಿವೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ಎಂಬ ವ್ಯವಸ್ಥೆ ದೇಶದಲ್ಲಿ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು, 2017ರ ಜನವರಿಯಲ್ಲಿ. ಪರಿಶೀಲನೆಗೆ ಠಾಣೆಯಿಂದ ಫೋನ್ ಬಂದಾಗ ತೋಟದ ಮನೆಗೆ ದಾರಿ ಸರಿಯಾಗಿ ಹೇಳಿ, ನೆಟ್‌ವರ್ಕ್ ಸಿಗುವ ನಂಬರನ್ನೇ ಅರ್ಜಿಯಲ್ಲಿ ಕೊಡಿ. ಎಷ್ಟೋ ಫೈಲುಗಳು ನಿಲ್ಲುವುದು ಆ ಫೋನ್ ತಾಗದೆ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ, ಪಾಸ್‌ಪೋರ್ಟ್ ಸೇವಾ ಜಾಲತಾಣದ ಮೂಲಕವೇ ಸಿಗುತ್ತದೆ, ಶುಲ್ಕ 500 ರೂಪಾಯಿ. ಬಹಳ ಬೇಗ ಮಾಡಿಸಿಟ್ಟರೆ ಅರ್ಜಿಯ ಹೊತ್ತಿಗೆ ಹಳೆಯದಾಗುತ್ತದೆ, ಆದ್ದರಿಂದ ಕೊನೆಯ ಹಂತಕ್ಕೆ ಇಟ್ಟುಕೊಳ್ಳಿ.

ಹಂತ 4: ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್, ಅಪೋಸ್ಟಿಲ್

ಕೊಡಗಿನಲ್ಲಿ ಓದಿದ ಬಹುತೇಕರ ವಿಶ್ವವಿದ್ಯಾಲಯ ಕೊಡಗಿನ ಹೊರಗಿರುತ್ತದೆ. ಕೊಡಗು ವಿಶ್ವವಿದ್ಯಾಲಯ ಬರುವ ಮುಂಚೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಗಳಲ್ಲಿ ಪದವಿ ಮುಗಿಸಿದವರ ಟ್ರಾನ್ಸ್‌ಕ್ರಿಪ್ಟ್ ಮಂಗಳೂರು ವಿಶ್ವವಿದ್ಯಾಲಯದಿಂದ ಬರಬೇಕು, ಅಂದರೆ ಕೊಣಾಜೆಗೆ ಹೋಗಬೇಕು. ಎಂಜಿನಿಯರಿಂಗ್ ಆದರೆ ಬೆಳಗಾವಿಯ ವಿಟಿಯು. ನರ್ಸಿಂಗ್, ವೈದ್ಯಕೀಯವಾದರೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕೆನಡಾದ ಖಾಯಂ ವಾಸಕ್ಕೆ ಬೇಕಾದ ಪದವಿ ಮೌಲ್ಯಮಾಪನದಲ್ಲಿ ತಡವಾಗುವುದು ಹೆಚ್ಚಾಗಿ ಇದೇ ಮೆಟ್ಟಿಲಲ್ಲಿ, ಆದ್ದರಿಂದ ಟ್ರಾನ್ಸ್‌ಕ್ರಿಪ್ಟ್ ಅರ್ಜಿ ಎಲ್ಲಕ್ಕಿಂತ ಮೊದಲು ಹೋಗಲಿ. ನರ್ಸ್‌ಗಳು ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿಯನ್ನೂ ನವೀಕರಿಸಿಕೊಳ್ಳಬೇಕು.

ಅಪೋಸ್ಟಿಲ್ ಎಂದರೆ ದಾಖಲೆ ಅಸಲಿಯೆಂದು ಬೇರೆ ದೇಶಗಳೂ ಒಪ್ಪುವ ಸರ್ಕಾರಿ ಮುದ್ರೆ; ಭಾರತ 2005ರಲ್ಲಿ ಹೇಗ್ ಅಪೋಸ್ಟಿಲ್ ಒಪ್ಪಂದ ಸೇರಿತು. ರಾಜ್ಯ ಮಟ್ಟದ ದೃಢೀಕರಣದ ಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಬಿದ್ದರೆ ಸದಸ್ಯ ದೇಶಗಳಲ್ಲಿ ಅದು ನಡೆಯುತ್ತದೆ. ಕೆನಡಾದಲ್ಲಿ ಇದು ಜಾರಿಗೆ ಬಂದದ್ದು 2024ರ ಜನವರಿ 11ರಂದು. ಯುಎಇ, ಕುವೈತ್ ಈ ಒಪ್ಪಂದದಲ್ಲಿಲ್ಲ. ಅಲ್ಲಿಗೆ ಹೋಗುವವರು ಸಚಿವಾಲಯದ ಮುದ್ರೆಯ ನಂತರ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವನ್ನೂ ಮಾಡಿಸಬೇಕು. ಸಚಿವಾಲಯದ ಅಪೋಸ್ಟಿಲ್ ಶುಲ್ಕ ದಾಖಲೆಗೆ 50 ರೂಪಾಯಿ, ಮೇಲೆ ಸಂಗ್ರಹಣಾ ಸಂಸ್ಥೆಯ ಸೇವಾ ಶುಲ್ಕ. ಒಂದು ಅಂಕಪಟ್ಟಿಗೆ ಹತ್ತು ಸಾವಿರ ಕೇಳುವವರ ಹತ್ತಿರ ರಸೀದಿ ಬಿಡಿಸಿ ಕೊಡಲು ಹೇಳಿ.

ಹಂತ 5: ಕಾಫಿ ಹಣವನ್ನು ಬ್ಯಾಂಕಿನ ಭಾಷೆಗೆ ತರುವುದು

ಅರ್ಜಿ ನಿಲ್ಲುವುದೂ ಬೀಳುವುದೂ ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ವಿದ್ಯಾರ್ಥಿಯ ತಂದೆಗೆ ಹದಿನೈದು ಎಕರೆ ತೋಟವಿದೆ, ಊರಿನಲ್ಲಿ ಗೌರವವಿದೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರೆ ಕಾಣುವುದೇನು? ಜೂನ್‌ನಿಂದ ಡಿಸೆಂಬರ್‌ವರೆಗೆ ಇಪ್ಪತ್ತು, ಮೂವತ್ತು ಸಾವಿರದ ಬಾಕಿ, ನಡುನಡುವೆ ಗೊಬ್ಬರದಂಗಡಿಗೆ, ಆಳುಗಳ ಸಂಬಳಕ್ಕೆ ತೆಗೆದದ್ದು, ಸಹಕಾರ ಸಂಘದ ಸಾಲದ ಕಂತು. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಮಾರಿದಾಗ ಒಮ್ಮೆಲೇ ಹದಿನೆಂಟು ಲಕ್ಷ ಜಮೆ. ಕಾಫಿ ಬೆಳೆಗಾರನಿಗೆ ಇದಕ್ಕಿಂತ ಸಹಜವಾದ ಲೆಕ್ಕ ಇನ್ನೊಂದಿಲ್ಲ. ಕಾಫಿ ಗಿಡ ನೋಡಿರದ ಅಧಿಕಾರಿಗೆ ಅದು ವೀಸಾಗಾಗಿ ಯಾರಿಂದಲೋ ಎರವಲು ತಂದು ತುಂಬಿದ ಹಣ. "ಮೂಲ ಸ್ಪಷ್ಟವಿಲ್ಲ" ಎಂದು ಬರೆದು ಅರ್ಜಿ ವಾಪಸ್ ಕಳಿಸುತ್ತಾರೆ.

ಹಾಗಾಗಿ ಆ ಹದಿನೆಂಟು ಲಕ್ಷದ ಹಿಂದಿರುವ ಕತೆಯನ್ನು ಕಾಗದದಲ್ಲಿ ಜೋಡಿಸಿ. ಮೊದಲಿಗೆ ವ್ಯಾಪಾರಿಯ ಬಿಲ್. ಚೀಲ, ತೂಕ, ಔಟ್‌ಟರ್ನ್, ದರ, ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆ ಎಲ್ಲವೂ ಅಚ್ಚಾಗಿರುವ ಬಿಲ್ ಕೇಳಿ ಪಡೆಯಿರಿ. ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಗೀಚಿ ಕೊಟ್ಟ ಲೆಕ್ಕ ಉಪಯೋಗವಿಲ್ಲ. ಬಿಲ್‌ನ ಮೊತ್ತವೂ ಬ್ಯಾಂಕಿನ ಜಮೆಯೂ ತಾಳೆಯಾಗಬೇಕು. ನಗದಾಗಿ ತೆಗೆದುಕೊಂಡು ಆಮೇಲೆ ಸ್ವಲ್ಪ ಸ್ವಲ್ಪ ತುಂಬುವ ಹಳೆಯ ರೂಢಿ ಬಿಡಿ. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ಒಬ್ಬರಿಂದ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಹೇಗೂ ಒಪ್ಪುವುದಿಲ್ಲ. ಹಿಂದಿನ ಎರಡು, ಮೂರು ವರ್ಷದ ಬಿಲ್‌ಗಳನ್ನೂ ಸೇರಿಸಿದರೆ ಪ್ರತಿ ಫೆಬ್ರವರಿಯಲ್ಲೂ ಇಂಥದೇ ಜಮೆ ಇದೆ ಎಂಬುದು ತಾನಾಗಿ ಕಾಣುತ್ತದೆ.

ಆಮೇಲೆ ತೆರಿಗೆ ರಿಟರ್ನ್ಸ್. "ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ಯಾಕೆ?" ಎನ್ನುವ ಬೆಳೆಗಾರರ ಮಾತು ತಪ್ಪಲ್ಲ, ಆದರೆ ವೀಸಾ ಫೈಲಿಗೆ ಅದು ಸಾಲದು. ಕೃಷಿ ಆದಾಯವನ್ನು ವಿನಾಯಿತಿ ಆದಾಯವೆಂದು ತೋರಿಸಿ ರಿಟರ್ನ್ಸ್ ಸಲ್ಲಿಸಬಹುದು. ಅದು ಐದು ಸಾವಿರ ರೂಪಾಯಿ ದಾಟಿದ್ದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು. ಸ್ವಂತ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರುವವರ ಆದಾಯದಲ್ಲಿ 25 ಶೇಕಡಾ ತೆರಿಗೆಗೆ ಒಳಪಡುತ್ತದೆ, ಹುರಿದು ಪುಡಿ ಮಾಡಿ ಮಾರುವವರಿಗೆ ಅದು 40 ಶೇಕಡಾ. ಇಂಥವರ ಆದಾಯ ತೆರಿಗೆ ಮಿತಿ ದಾಟಿದರೆ ರಿಟರ್ನ್ಸ್ ಹೇಗೂ ಕಡ್ಡಾಯವಾಗುತ್ತದೆ. ಮಗ ಪಿಯುಸಿಯಲ್ಲಿರುವಾಗಲೇ ಶುರುಮಾಡಿದರೆ ಪದವಿ ಮುಗಿಯುವ ಹೊತ್ತಿಗೆ ನಾಲ್ಕೈದು ವರ್ಷದ ರಿಟರ್ನ್ಸ್ ಕೈಯಲ್ಲಿರುತ್ತದೆ.

ಇನ್ನು ತೋಟದ ಬೆಲೆ. ಇಂಥ ತೋಟ ಎರಡು ಕೋಟಿ ಬಾಳುತ್ತದೆ ಎಂದು ಮೌಲ್ಯಮಾಪಕರಿಂದ ಪತ್ರ ಬರೆಸಿ ತರುವವರು ಬಹಳ ಮಂದಿ. ಅದರಿಂದ ಊರಿನೊಂದಿಗೆ ಸಂಬಂಧವಿದೆ ಎಂಬುದು ಸಾಬೀತಾಗುತ್ತದೆ, ಖರ್ಚಿಗೆ ಹಣವಿದೆ ಎಂಬುದಲ್ಲ. ಅದರಲ್ಲೂ ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ, ಸೇರಿದ ಜಮ್ಮಾ ಜಾಗವಾದರೆ ಪಹಣಿಯಲ್ಲಿ ಪಟ್ಟೇದಾರರ ಹೆಸರು, ಜೊತೆಗೆ ಒಕ್ಕದ ಹತ್ತು ಹದಿನೈದು ಜನ. ಆ ಜಾಗದ ಮೇಲೆ ಶಿಕ್ಷಣ ಸಾಲ ಕೇಳಿದರೆ ಬ್ಯಾಂಕಿನವರು ಎಲ್ಲರ ಒಪ್ಪಿಗೆ ಕೇಳುತ್ತಾರೆ. ಒಪ್ಪಿಗೆ ಕೊಡಬೇಕಾದ ಒಬ್ಬರು ದುಬೈಯಲ್ಲಿ, ಇನ್ನೊಬ್ಬರ ಜೊತೆ ಮಾತುಕತೆ ಇಲ್ಲ. ಒಕ್ಕದೊಳಗೆ ಪಾಲು ಪಟ್ಟಿಯಾಗಿ ಸ್ವಂತ ಹೆಸರಿಗೆ ಬಂದ ಜಾಗವಿದ್ದರೆ ಅದನ್ನು ಅಡವಿಡಿ, ಇಲ್ಲದಿದ್ದರೆ ಅಡಮಾನವಿಲ್ಲದ ಸಾಲದ ಕಡೆ ನೋಡಿ. ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ಎಷ್ಟೋ ಸಲ ತೋಟದ ಎಲ್ಲ ಕಾಗದಕ್ಕಿಂತ ಗಟ್ಟಿ.

ಬ್ರಿಟನ್‌ಗೆ ಹೋಗುವವರು ಒಂದು ಮಾತು ಗಮನಿಸಿ. ಹಣ ವಿದ್ಯಾರ್ಥಿಯ ಖಾತೆಯಲ್ಲೋ ತಂದೆ ತಾಯಿಯ ಖಾತೆಯಲ್ಲೋ ಸತತ 28 ದಿನ ಕದಲದೆ ಇರಬೇಕು. ದೊಡ್ಡಪ್ಪನ ಖಾತೆ, ಮಾವನ ಖಾತೆ ನಡೆಯುವುದಿಲ್ಲ. ಕೂಡುಕುಟುಂಬದ ಲೆಕ್ಕವನ್ನು ದೊಡ್ಡಪ್ಪ ನೋಡಿಕೊಳ್ಳುವ ಮನೆಗಳಲ್ಲಿ ಹಣವನ್ನು ಮುಂಚೆಯೇ ತಂದೆಯ ಖಾತೆಗೆ ತಂದು, ಯಾಕೆ ತಂದದ್ದೆಂಬುದಕ್ಕೂ ಪತ್ರವಿಟ್ಟುಕೊಳ್ಳಿ. 27ನೇ ದಿನ ಗೊಬ್ಬರಕ್ಕೆಂದು ಐದು ಸಾವಿರ ತೆಗೆದು, ಬಾಕಿ ಬೇಕಾದ ಮೊತ್ತಕ್ಕಿಂತ ಕೆಳಗಿಳಿದರೆ ಲೆಕ್ಕ ಮತ್ತೆ ಒಂದರಿಂದ ಶುರು.

ಹಂತ 6: ಈಗ ಏಜೆಂಟ್

ಕೈಯಲ್ಲಿ ಪೂರ್ತಿ ಫೈಲ್ ಹಿಡಿದು ಹೋದವರ ಜೊತೆ ಏಜೆಂಟ್ ಮಾತಾಡುವ ಧಾಟಿಯೇ ಬೇರೆ. ಕೆಲವು ವಿಷಯ ಮಾತ್ರ ನೋಡಿ. ಆಸ್ಟ್ರೇಲಿಯಾಕ್ಕೆ ಸಲಹೆ ಕೊಡುವವರಿಗೆ ಎಂಎಆರ್‌ಎನ್, ಅಂದರೆ ಅಲ್ಲಿನ ವಲಸೆ ಏಜೆಂಟರ ನೋಂದಣಿ ಸಂಖ್ಯೆ ಇರಬಹುದು. ಕೆನಡಾಕ್ಕೆ ಹಣ ಪಡೆದು ಸಲಹೆ ಕೊಡುವವರು ಆರ್‌ಸಿಐಸಿ ಎಂಬ ವಲಸೆ ಸಲಹೆಗಾರರ ಪರವಾನಗಿ ಹೊಂದಿದವರೋ ಅಲ್ಲಿನ ವಕೀಲರೋ ಆಗಿರಬೇಕು. ಬ್ರಿಟನ್‌ನೊಳಗೆ ಸಲಹೆ ಕೊಡುವವರ ನೋಂದಣಿ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿರುತ್ತದೆ. ಈ ಮೂರೂ ಪಟ್ಟಿಗಳು ಸಾರ್ವಜನಿಕವಾಗಿವೆ, ಹೆಸರು ಹಾಕಿ ಹುಡುಕಬಹುದು. ಕಾಲೇಜು ಸೀಟು ಕೊಡಿಸುವವರಿಗೆ ಕಾಲೇಜಿನಿಂದಲೇ ಕಮಿಷನ್ ಬರುತ್ತದೆ ಎಂಬುದನ್ನು ನೆನಪಿನಲ್ಲಿಡಿ. ಅವರು ತೋರಿಸುವ ಕಾಲೇಜು ನಿಮಗೆ ಒಳ್ಳೆಯದೋ ಅವರಿಗೆ ಒಳ್ಳೆಯದೋ ಎಂದು ವಿಚಾರಿಸಬೇಕಾದವರು ನೀವೇ.

ಅರ್ಜಿಯ ಲಾಗಿನ್, ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. ಏಜೆಂಟ್ ತುಂಬಿದ್ದನ್ನು ಸಲ್ಲಿಸುವ ಮುಂಚೆ ಪೂರ್ತಿ ಓದಿ. "ಅಣ್ಣಾ, ಅವರೇ ಎಲ್ಲ ನೋಡ್ಕೊಳ್ತಾರಂತೆ" ಎಂದು ಬಿಟ್ಟವರ ಅರ್ಜಿಯಲ್ಲಿ ಇಲ್ಲದ ಕೆಲಸದ ಅನುಭವ, ಕಾಣದ ಸಂಬಳದ ಚೀಟಿ ಸೇರಿಕೊಂಡಿರುತ್ತದೆ. ಸಿಕ್ಕಿಬಿದ್ದರೆ ಶಿಕ್ಷೆ ಅರ್ಜಿದಾರರಿಗೆ: ಕೆನಡಾಕ್ಕೆ 5 ವರ್ಷ, ಆಸ್ಟ್ರೇಲಿಯಾಕ್ಕೆ 3 ವರ್ಷ, ಬ್ರಿಟನ್‌ಗೆ 10 ವರ್ಷದವರೆಗೆ ಬಾಗಿಲು ಮುಚ್ಚಬಹುದು.

ಗಲ್ಫ್‌ಗೆ ಹೋಗುವವರಿಗೆ

ನಾಪೋಕ್ಲು, ವಿರಾಜಪೇಟೆ, ಸುಂಟಿಕೊಪ್ಪ ಕಡೆಯಿಂದ ಗಲ್ಫ್‌ಗೆ ಹೋಗುವವರಿಗೆ ನಿಯಮವೇ ಬೇರೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ಅನುಮತಿ ಬೇಕಾದ) ವರ್ಗದ್ದು. ಅವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಪಡೆಯಬೇಕು. ಏಜೆಂಟರ ನೋಂದಣಿ ಸಂಖ್ಯೆಯನ್ನು ಅದೇ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಕಾರ್ಮಿಕರಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಂದೂವರೆ ಲಕ್ಷ ಕೊಟ್ಟು ರಸೀದಿಯಿಲ್ಲದೆ ಬಂದವರನ್ನು ಸಂತೆಯ ದಿನ ಯಾವ ಅಂಗಡಿಯ ಮುಂದೆ ಕೇಳಿದರೂ ಸಿಗುತ್ತಾರೆ.

ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಿ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷದ ಪರಿಹಾರ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕುವ ಸಾಹಸ ಬೇಡ. ಅಲ್ಲಿ ತೊಂದರೆಯಾದರೆ ಕಾರ್ಮಿಕನೆಂಬ ದಾಖಲೆಯೇ ಇರುವುದಿಲ್ಲ. ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗಳಲ್ಲಿ "ಡೇಟಾ ಎಂಟ್ರಿ" ಕೆಲಸವೆಂದು ಕರೆದರೆ ಅದು ಸೈಬರ್ ವಂಚನೆಯ ಕ್ಯಾಂಪ್ ಇರಬಹುದು, ವಿದೇಶಾಂಗ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಸಿದೆ. ಅಲ್ಲಿ ಸಿಕ್ಕಿಕೊಂಡವರ ಮನೆಯವರು ಆ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ರಾಜ್ಯ ಸರ್ಕಾರದ ಅಂತಾರಾಷ್ಟ್ರೀಯ ವಲಸೆ ಕೇಂದ್ರವೂ ವಿದೇಶಿ ಉದ್ಯೋಗಗಳಿಗೆ ಆಯ್ಕೆ ನಡೆಸುತ್ತದೆ, ಖಾಸಗಿಯವರ ಬಾಗಿಲು ತಟ್ಟುವ ಮುಂಚೆ ಅಲ್ಲೊಮ್ಮೆ ವಿಚಾರಿಸಿ.

ಹಂತ 7: ಬೆರಳಚ್ಚು, ವೈದ್ಯಕೀಯ ಪರೀಕ್ಷೆ, ಸಂದರ್ಶನ

ಇವೆಲ್ಲ ಜಿಲ್ಲೆಯ ಹೊರಗೆ. ಬಹುತೇಕ ದೇಶಗಳ ಅರ್ಜಿ ಕೇಂದ್ರ ಬೆಂಗಳೂರಿನಲ್ಲಿದೆ, ಜರ್ಮನಿಯ ಕಾನ್ಸುಲೇಟ್ ಕೂಡ. ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಅಲ್ಲಿ ಉದ್ಘಾಟನೆಯಾದರೂ ಆಗ ವೀಸಾ ಸೇವೆ ಶುರುವಾಗಿರಲಿಲ್ಲ, ಆದ್ದರಿಂದ ಚೆನ್ನೈಗೋ ಹೈದರಾಬಾದಿಗೋ ಎಂದು ಅಪಾಯಿಂಟ್‌ಮೆಂಟ್‌ನಲ್ಲೇ ಖಚಿತಪಡಿಸಿಕೊಳ್ಳಿ. ಬ್ರಿಟನ್‌ಗೆ ಆರು ತಿಂಗಳಿಗಿಂತ ಹೆಚ್ಚು ಹೋಗುವವರಿಗೆ ಕ್ಷಯ ಪರೀಕ್ಷೆ ಬೇಕು, ಅದನ್ನೂ ಅವರು ಮಾನ್ಯ ಮಾಡಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು.

ಜುಲೈ, ಆಗಸ್ಟ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕಿದರೆ ಹಿಂದಿನ ದಿನವೇ ಇಳಿದುಬಿಡಿ. ಗಾಳಿಗೆ ಮರ ಬಿದ್ದರೆ, ಸಂಪಾಜೆ ಘಾಟಿಯಲ್ಲಿ ಮಣ್ಣು ಜಾರಿದರೆ ಅದು ನಿಮ್ಮ ತಪ್ಪಲ್ಲ ಎಂದು ಕೇಂದ್ರದವರು ಒಪ್ಪುವುದಿಲ್ಲ. ಆನ್‌ಲೈನ್ ಅರ್ಜಿಯನ್ನೂ ಕೊನೆಯ ರಾತ್ರಿಗೆ ಉಳಿಸಿಕೊಳ್ಳಬೇಡಿ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರುಗಳು ನಮ್ಮವು.

ಸಂದರ್ಶನದಲ್ಲಿ "ತಂದೆ ಏನು ಮಾಡುತ್ತಾರೆ?" ಎಂದಾಗ "ಪ್ಲಾಂಟರ್" ಎಂದು ಹೇಳಿ ನಿಲ್ಲಿಸಬೇಡಿ. ಎಷ್ಟು ಎಕರೆ, ಯಾವ ಕಾಫಿ, ಜೊತೆಗೆ ಮೆಣಸು ಎಷ್ಟು, ಹಣ ಯಾವ ತಿಂಗಳು ಬರುತ್ತದೆ ಎಂದು ಎರಡು ವಾಕ್ಯದಲ್ಲಿ ಹೇಳಿ. ಫೈಲಿನಲ್ಲಿರುವ ಸ್ಟೇಟ್‌ಮೆಂಟ್‌ಗೆ ಅದು ಹೊಂದಿಕೆಯಾಗುತ್ತದೆ.

ವ್ಯಾಪಾರಕ್ಕಾಗಿ ಹೋಗುವ ಬೆಳೆಗಾರರು, ರೋಸ್ಟರ್‌ಗಳು

ಸ್ವಂತ ಬ್ರ್ಯಾಂಡ್ ಮಾಡಿ ಯುರೋಪಿನ ಖರೀದಿದಾರರನ್ನು ಭೇಟಿಯಾಗಲು ಹೋಗುವವರು ಹೆಚ್ಚಾಗಿದ್ದಾರೆ. ಅವರಿಗೆ ಷೆಂಗೆನ್ ಬಿಸಿನೆಸ್ ವೀಸಾ ಸಾಕು: ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ, ಖರೀದಿದಾರರ ಆಹ್ವಾನ ಪತ್ರ, ನಿಮ್ಮ ಕಾಫಿ ಮಂಡಳಿ ನೋಂದಣಿ, ಜಿಎಸ್‌ಟಿ ದಾಖಲೆ. 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಮಾದರಿಗೆಂದು ಹಸಿರು ಕಾಫಿ ಬೀಜ ಒಯ್ಯುವುದಾದರೆ ಫೈಟೊಸ್ಯಾನಿಟರಿ (ಕೀಟ, ರೋಗವಿಲ್ಲವೆಂಬ) ಪ್ರಮಾಣಪತ್ರ ಬೇಕೇ ಎಂದು ಮೊದಲೇ ವಿಚಾರಿಸಿ. ಹುರಿದದ್ದಕ್ಕೆ ತೊಂದರೆ ಕಡಿಮೆ.

ತೋಟದ ಒಂದು ಭಾಗ ಮಾರಿ "ಇನ್ವೆಸ್ಟರ್ ವೀಸಾ"ದಲ್ಲಿ ಅಮೆರಿಕಕ್ಕೆ ಎಂಬ ಮಾತೂ ಕ್ಲಬ್ಬುಗಳಲ್ಲಿ ಓಡಾಡುತ್ತಿದೆ. ಇ-2 ಹೂಡಿಕೆ ವೀಸಾ ಭಾರತೀಯ ಪ್ರಜೆಗಳಿಗೆ ಇಲ್ಲವೇ ಇಲ್ಲ, ಅದಕ್ಕೆ ಬೇಕಾದ ಒಪ್ಪಂದ ನಮ್ಮ ದೇಶಕ್ಕಿಲ್ಲ. ಉಳಿದದ್ದು ಇಬಿ-5, ಕನಿಷ್ಠ 8 ಲಕ್ಷ ಡಾಲರ್. ತೋಟ ಮಾರಿದವರು ಮೊದಲು ಈ ಲೆಕ್ಕ ಮಾಡಲಿ.

ವೀಸಾ ಸಿಗದಿದ್ದರೆ

ಮರುದಿನವೇ ಅದೇ ಫೈಲ್ ಮತ್ತೆ ಹಾಕಬೇಡಿ. ನಿರಾಕರಣೆ ಪತ್ರದಲ್ಲಿ ಯಾವ ಅಂಶಕ್ಕೆ ಒಪ್ಪಲಿಲ್ಲ ಎಂದು ಬರೆದಿರುತ್ತದೆ. ಹಣದ ಮೂಲವೆಂದಿದ್ದರೆ ಐದನೇ ಹಂತಕ್ಕೆ ವಾಪಸ್ ಬನ್ನಿ. ಮುಂದಿನ ಅರ್ಜಿಯಲ್ಲಿ, ಬೇರೆ ದೇಶದ್ದಾದರೂ, "ಹಿಂದೆ ನಿರಾಕರಣೆಯಾಗಿದೆಯೇ?" ಎಂದು ಕೇಳಿದರೆ ಹೌದೆಂದೇ ಬರೆಯಿರಿ. ನಿರಾಕರಣೆಯನ್ನು ಮುಚ್ಚಿಟ್ಟರೆ ಮೇಲೆ ಹೇಳಿದ 5, 10 ವರ್ಷದ ನಿಷೇಧಕ್ಕೆ ದಾರಿಯಾಗುತ್ತದೆ.

ಹಂತ 8: ವೀಸಾ ಬಂದಿದೆ, ಹೊರಡುವ ಮುನ್ನ

ಜಮ್ಮಾ ಜಾಗದಲ್ಲಿ ಪಾಲಿರುವವರು ಹೊರಡುವ ಮುಂಚೆ ಪವರ್ ಆಫ್ ಅಟಾರ್ನಿ ಮಾಡಿಸಿ. ಪೌತಿ ಖಾತೆ, ಬೆಳೆ ಪರಿಹಾರ, ಸಂಘದ ಸಾಲದ ನವೀಕರಣ ಎಲ್ಲದಕ್ಕೂ ನಿಮ್ಮ ಸಹಿ ಕೇಳುತ್ತಾರೆ. ಇಲ್ಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದರೆ ಒಂದು ದಿನದ ಕೆಲಸ. ಅಲ್ಲಿ ಹೋದ ಮೇಲೆ ಮಾಡಿಸಿದರೆ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಬೇಕು, ಅದು ಊರಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅಣ್ಣತಮ್ಮಂದಿರ ಮೇಲೆ ಎಷ್ಟೇ ನಂಬಿಕೆಯಿರಲಿ, ಮಾರಾಟದ ಅಧಿಕಾರ ಕೊಡುತ್ತೀರೋ ನಿರ್ವಹಣೆಯದು ಮಾತ್ರವೋ ಎಂದು ಪತ್ರದಲ್ಲಿ ಬಿಡಿಸಿ ಬರೆಸಿ.

ಅನಿವಾಸಿಯಾದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ನಿಮ್ಮ ಪಾಲಿನ ಕಾಫಿ ಹಣ ಅಲ್ಲಿಗೆ ಬರಲಿ. ಅಲ್ಲಿ ದುಡಿದದ್ದನ್ನು ಕಳಿಸಲು ಎನ್‌ಆರ್‌ಇ ಖಾತೆ ಬೇರೆ ತೆರೆಯಿರಿ.

ಪೆಟ್ಟಿಗೆ ಕಟ್ಟುವಾಗ ಎರಡು ಎಚ್ಚರಿಕೆ. ಒಂದು, ಕೈಲ್‌ಪೊಳ್ದ್‌ಗೋ ಪುತ್ತರಿಗೋ ತೋಟಕ್ಕೋ ಕೋವಿಯ ಜೊತೆ ಒಯ್ದಿದ್ದ ಹಳೆಯ ಬ್ಯಾಗ್‌ನ ಎಲ್ಲ ಜೇಬುಗಳನ್ನೂ ತಡಕಿ ನೋಡಿ. ಮೂಲೆಯಲ್ಲಿ ಉಳಿದ ಕೋವಿಯ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೆ ವಿಮಾನ ತಪ್ಪುವುದಷ್ಟೇ ಅಲ್ಲ, ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣವೂ ಆಗಬಹುದು. ಕೊಡಗಿನವರಿಗಿರುವ ಕೋವಿ ವಿನಾಯಿತಿಯನ್ನು ಅಲ್ಲಿ ವಿವರಿಸುತ್ತಾ ನಿಲ್ಲಲು ಸಮಯವಿರುವುದಿಲ್ಲ. ಇನ್ನೊಂದು, ಪಂದಿ ಕರಿ. ಅವ್ವ ಎಷ್ಟೇ ಪ್ರೀತಿಯಿಂದ ಒಣಗಿಸಿ ಕಟ್ಟಿಕೊಟ್ಟರೂ ಆಸ್ಟ್ರೇಲಿಯಾಕ್ಕೆ ಮಾಂಸ ಒಯ್ಯಬೇಡಿ. 2019ರಲ್ಲಿ ವಿಯೆಟ್ನಾಂನಿಂದ ಬಂದ ಮಹಿಳೆಯೊಬ್ಬರು ಹಂದಿಮಾಂಸವನ್ನು ಘೋಷಿಸದೆ ತಂದು ಸಿಡ್ನಿ ವಿಮಾನ ನಿಲ್ದಾಣದಲ್ಲೇ ವೀಸಾ ಕಳೆದುಕೊಂಡರು. ಕಾಚಂಪುಳಿ (ನಮ್ಮ ಕಪ್ಪು ಹುಳಿ), ಮೆಣಸು ಇದ್ದರೂ ವಿಮಾನದಲ್ಲಿ ತುಂಬುವ ಆಗಮನ ಕಾರ್ಡಿನಲ್ಲಿ ಘೋಷಿಸಿ; ಕಾಚಂಪುಳಿ ಶೀಷೆ ಚೆಕ್‌-ಇನ್ ಬ್ಯಾಗಿನಲ್ಲೇ ಇರಲಿ.

ದಕ್ಷಿಣ ಕೊಡಗಿನವರಿಗೆ ಗಲ್ಫ್‌ಗೆ ಹೋಗಲು ಕಣ್ಣೂರು ಹತ್ತಿರ, ವಿರಾಜಪೇಟೆಯಿಂದ ಮಾಕುಟ್ಟ ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಉಳಿದ ದೇಶಗಳಿಗೆ ಬೆಂಗಳೂರೇ ಸಲೀಸು.

ಖಾಯಂ ಆಗಿ ನೆಲೆಸಿದ ಮೇಲೆ

ಖಾಯಂ ವಾಸ ಸಿಕ್ಕಿದರೂ ನೀವು ಭಾರತೀಯ ಪ್ರಜೆಯೇ. ಅಲ್ಲಿನ ಪೌರತ್ವ ತೆಗೆದುಕೊಂಡ ದಿನ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಪಡೆಯಬೇಕು. ಆ ತೀರ್ಮಾನಕ್ಕೆ ಮುಂಚೆ ತೋಟದ ವಿಷಯ ಯೋಚಿಸಿ. ಅನಿವಾಸಿಗಳಾಗಲಿ ಒಸಿಐ ಇರುವವರಾಗಲಿ ಕೃಷಿ ಭೂಮಿ, ಪ್ಲಾಂಟೇಷನ್, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ಅಪ್ಪನಿಂದ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ವಾಸಿಸುವ ಭಾರತೀಯ ಪ್ರಜೆಗೆ ಮಾತ್ರ. ಪಕ್ಕದ ತೋಟ ಮಾರಾಟಕ್ಕೆ ಬಂದಾಗ ಮೆಲ್ಬರ್ನ್‌ನಿಂದ ಹಣ ಕಳಿಸಿ ನಿಮ್ಮ ಹೆಸರಿಗೇ ನೋಂದಣಿ ಮಾಡಿಸುತ್ತೇನೆಂದರೆ ಕಾನೂನು ಬಿಡುವುದಿಲ್ಲ. ಕೊಳ್ಳುವ ಯೋಚನೆಯಿದ್ದರೆ ಹೊರಡುವ ಮುಂಚೆಯೇ ಕೊಂಡುಬಿಡಿ. ಇಲ್ಲಿ ವಾಸವಿದ್ದಾಗ ಕೊಂಡದ್ದನ್ನು ಆಮೇಲೂ ಇಟ್ಟುಕೊಳ್ಳಬಹುದು.